ಅಗಸಿಯವರೆಗೆ ಬಾರದ ರಾಮರಾಯ

ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಹಳ್ಳಿಗಳಲ್ಲಿ ಬೀಗರನ್ನು ಹೊಸ್ತಿಲಲ್ಲೇ ನಿಂತು ಬೀಳ್ಕೊಡುವುದಿಲ್ಲ. ಊರ ಅಗಸಿಯವರೆಗಾದರೂ ಹೋಗಿ ಕಳಿಸಿ ಬರುತ್ತಾರೆ. 1565ರ ಜನವರಿಯ ತಾಳಿಕೋಟಿ ಯುದ್ಧ ಎಂದಾಗ ನನಗೆ ಮೊದಲು ನೆನಪಾಗುವುದು ಈ ರೂಢಿ.

ಅಳಿಯ ರಾಮರಾಯ ಸಾಮಾನ್ಯನಲ್ಲ. ಸದಾಶಿವರಾಯನನ್ನು ಹೆಸರಿಗೆ ಅರಸನನ್ನಾಗಿಸಿ ಇಪ್ಪತ್ತು ವರ್ಷಕ್ಕೂ ಮೇಲೆ ವಿಜಯನಗರವನ್ನು ಆಳಿದ. ಒಬ್ಬ ಸುಲ್ತಾನನ ಎದುರು ಇನ್ನೊಬ್ಬನನ್ನು ನಿಲ್ಲಿಸುವ ಚಾತುರ್ಯ ಅವನದು. ಆಶ್ರಯ ಬೇಡಿ ಬಂದ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನನ್ನು ಏಳು ವರ್ಷ ಸಾಕಿದ. ಮಗ ಸತ್ತಾಗ ದುಃಖ ಕೇಳಲು ವಿಜಾಪುರದಿಂದ ಅಲಿ ಆದಿಲ್ ಶಾಹ ಬಂದ. ರಾಮರಾಯನ ಮಡದಿ ಅವನನ್ನೇ ಮಗನೆಂದಳು. ಆದರೆ ಹೊರಡುವಾಗ ರಾಮರಾಯ ಕಳಿಸಲು ಹೋಗಲಿಲ್ಲ. ಅಲಿ ಅದನ್ನು ಮರೆಯಲಿಲ್ಲ ಎಂದು ಫಿರಿಸ್ತಾ ಬರೆಯುತ್ತಾನೆ. ಸೋತ ಅಹ್ಮದನಗರದ ಹುಸೇನ್ ನಿಜಾಮ್ ಶಾಹನಿಗೆ ವಿಧಿಸಿದ ಷರತ್ತು ಇನ್ನೂ ಕಠಿಣ: ಕಲ್ಯಾಣದ ಕೋಟೆ ಬಿಡಬೇಕು, ತಾನೇ ಬಂದು ರಾಮರಾಯನ ಕೈಯಿಂದ ವೀಳ್ಯ ಪಡೆಯಬೇಕು.

ಫಿರಿಸ್ತಾ ವಿಜಾಪುರದ ಆಸ್ಥಾನದವನು. ಅವನ ಬರಹಕ್ಕೆ ಗೆದ್ದವರ ಬಣ್ಣ ಹತ್ತಿರಬಹುದು. ಆದರೆ ನಂತರ ನಡೆದದ್ದಕ್ಕೆ ಎರಡು ಮಾತಿಲ್ಲ. ಸೊಲ್ಲಾಪುರದ ಕೋಟೆಗಾಗಿ ಬಡಿದಾಡುತ್ತಿದ್ದ ಹುಸೇನ್ ಮತ್ತು ಅಲಿ ಬೀಗರಾದರು. ಚಾಂದಬೀಬಿಯ ಜೊತೆ ಆ ಕೋಟೆಯೇ ಬಳುವಳಿಯಾಗಿ ವಿಜಾಪುರಕ್ಕೆ ಬಂತು. ಡೋಣಿ ದಂಡೆಯ ತಾಳಿಕೋಟಿಯಲ್ಲಿ ಸುಲ್ತಾನರ ದಂಡು ಕೂಡಿತು. ಮಗನೆನಿಸಿಕೊಂಡವನೂ ಏಳು ವರ್ಷ ಉಪ್ಪುಂಡವನೂ ಎದುರು ನಿಂತರು.

ಕಾಳಗದ ದಿನವೂ ಅದೇ ಸ್ವಭಾವ. ಮುಪ್ಪಿನ ರಾಮರಾಯ, ಕುದುರೆ ಏರಿ ಎಂದವರ ಮಾತು ಕೇಳದೆ ಪಲ್ಲಕ್ಕಿಯಲ್ಲೇ ಉಳಿದ. ಆಮೇಲೆ ಸಿಂಹಾಸನ ಹಾಕಿಸಿ ಕುಳಿತು, ಹೊನ್ನು ಮುತ್ತು ರಾಶಿ ಹಾಕಿ ಸೈನಿಕರಿಗೆ ಹಂಚಿದ. ಶತ್ರುವಿನ ಫಿರಂಗಿಗಳು ತಾಮ್ರದ ನಾಣ್ಯಗಳನ್ನೇ ಉಗುಳಿದವು. ಸೆರೆಸಿಕ್ಕ ಅವನ ತಲೆ ಹುಸೇನನ ಅಪ್ಪಣೆಯಿಂದ ಉರುಳಿತು. ತಮ್ಮ ತಿರುಮಲ ಸದಾಶಿವರಾಯನೊಂದಿಗೆ ಪೆನುಗೊಂಡೆಗೆ ಹೊರಟ. ಹಂಪಿ ಬಯಲಾಯಿತು.

ಈ ಸೋಲಿಗೆ ಧರ್ಮವೇ ಕಾರಣವೆಂದು ಕೆಲವರು, ದ್ರೋಹವೆಂದು ಕೆಲವರು ಹೇಳುತ್ತಾರೆ. ನನಗೆ ಕಾಣುವುದು ರಾಮರಾಯನ ದೊಡ್ಡ ಗುಣದೊಳಗೇ ಇದ್ದ ದೋಷ. ಅನ್ಯರನ್ನು ದಾಳಗಳಂತೆ ನಡೆಸಬಲ್ಲವನಿಗೆ ಅವರಿಗೂ ಮಾನವಿದೆಯೆಂಬುದು ಮರೆತುಹೋಗುತ್ತದೆ.

ಈ ಯುದ್ಧಕ್ಕೆ ತನ್ನ ಹೆಸರನ್ನೂ ಕೊಟ್ಟ ತಂಗಡಗಿ ನೀಲಾಂಬಿಕೆಯ ಐಕ್ಯಸ್ಥಳವೂ ಹೌದು. ಅವಳ ಪತಿ, ಬಾಗೇವಾಡಿಯ ಬಸವಣ್ಣ, ಬಿಜ್ಜಳನ ಭಂಡಾರ ಕೈಯಲ್ಲಿದ್ದಾಗಲೂ ಬಾಗಿಲಿಗೆ ಬಂದವರೆದುರು ಬಾಗಿದವನು. ರಾಮರಾಯನಿಗೆ ದಂಡೂ ಇತ್ತು, ಹೊನ್ನೂ ಇತ್ತು. ಅಗಸಿಯವರೆಗಿನ ನಾಲ್ಕು ಹೆಜ್ಜೆ ಮಾತ್ರ ಭಾರವಾಯಿತು.