ವೃತ್ತಿಯ ಆಯ್ಕೆ

ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದೊಡನೆ ತಾಯ್ತಂದೆಗಳು ಮಕ್ಕಳೊಡನೆ ಬಂದು, ‘ಯಾವ ಓದಿಗೆ ಒಳ್ಳೆಯ ಸಂಬಳವುಂಟು?’ ಎಂದು ಕೇಳುವುದುಂಟು. ಪ್ರಶ್ನೆ ತಪ್ಪಲ್ಲ, ಆದರೆ ಅದು ಎರಡನೆಯದು. ‘ಈ ಕೆಲಸ ನಿನಗೇಕೆ ಬೇಕು?’ ಎಂಬುದೇ ಮೊದಲನೆಯದು.

ಚಳ್ಳಕೆರೆ ತಾಲ್ಲೂಕಿನ ತಳುಕಿನ ಒಂದು ಮನೆತನವನ್ನು ನೋಡಿರಿ. ಇಂಗ್ಲಿಷಿಗೇ ಮನ್ನಣೆಯಿದ್ದ ಕಾಲದಲ್ಲಿ ಟಿ.ಎಸ್. ವೆಂಕಣ್ಣಯ್ಯನವರು ಕನ್ನಡದ ಅಧ್ಯಾಪನಕ್ಕೆ ಬಾಳನ್ನು ಮುಡಿಪಿಟ್ಟು, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೇ. ಅದೇ ಮನೆತನದ ತ.ರಾ.ಸು. ಅವರು 1942ರ ಚಳವಳಿಗಾಗಿ ಓದನ್ನು ತೊರೆದರು. ಪತ್ರಿಕೆಗಳಲ್ಲಿ ದುಡಿದು, ಕಡೆಗೆ ಲೇಖನಿಯನ್ನೇ ನೆಚ್ಚಿದರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು 1984ರಲ್ಲಿಯೇ ಕಾಲವಶರಾಗಿದ್ದರು. ಫಲವನ್ನು ಎಣಿಸಿ ಹಿಡಿದ ಹಾದಿ ಅದಾಗಿರಲಿಲ್ಲ.

ಹಾಗೆಂದು ಸಂಬಳವನ್ನು ಹಳಿಯಲಾಗದು. ಮೊಳಕಾಲ್ಮೂರಿನ ನೇಕಾರನ ಮಗನೊಬ್ಬ ಮನೆಯ ಸಾಲ ತೀರಿಸಲೆಂದು ಮಗ್ಗ ಬಿಟ್ಟು ಬೆಂಗಳೂರಿಗೆ ಹೊರಟರೆ, ಅವನನ್ನು ನಡೆಸುವುದೂ ಕರ್ತವ್ಯವೇ. ರೇಷ್ಮೆಯ ನೇಯ್ಗೆಯ ಮೇಲಣ ಪ್ರೀತಿಯಿಂದ ಮಗ್ಗದಲ್ಲಿಯೇ ಉಳಿದವನೂ ಅವನಿಗಿಂತ ಕಡಿಮೆಯವನಲ್ಲ. ನೆರೆಮನೆಯವರ ಮೆಚ್ಚುಗೆಗಾಗಿ ಆರಿಸಿಕೊಂಡ ವೃತ್ತಿ ಮಾತ್ರ ಕಾಲ ಕಳೆದಂತೆ ಹೊರೆಯಾಗುತ್ತದೆ.

ಶರಣರು ದುಡಿಮೆಯನ್ನು ಕಾಯಕವೆಂದು ಕರೆದರು. ಅವರ ದೃಷ್ಟಿಯಲ್ಲಿ ಮೇಲು-ಕೀಳೆಂಬುದು ಕೆಲಸದಲ್ಲಿಲ್ಲ, ಮಾಡುವವನ ಮನಸ್ಸಿನಲ್ಲಿದೆ. ಆದುದರಿಂದ ಹಿರಿಯರೇ, ಅರ್ಜಿ ತುಂಬುವ ಮುನ್ನ ಒಂದು ಸಂಜೆ ಮಗುವನ್ನು ಹತ್ತಿರ ಕೂರಿಸಿಕೊಂಡು ಆ ಮೊದಲ ಪ್ರಶ್ನೆಯನ್ನು ಕೇಳಿರಿ. ಉತ್ತರ ಬರುವವರೆಗೆ ಸುಮ್ಮನಿರಿ.