ರೋಗಿಯ ನೆತ್ತರೇ ಮದ್ದು
ರೋಗಿಯ ನೆತ್ತರನ್ನೇ ಅವನಿಗೆ ಮದ್ದಾಗಿಸುವ ವಿದ್ಯೆ ಇಂದು ಮಾನವನಿಗೆ ಸಿದ್ಧಿಸಿದೆ. ರಕ್ತದ 'ಟಿ' ಜೀವಕೋಶಗಳನ್ನು ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವ ಶಕ್ತಿ ನೀಡುವ ವಂಶವಾಹಿಯನ್ನು ಅವುಗಳಲ್ಲಿ ಸೇರಿಸಿ, ಮರಳಿ ದೇಹಕ್ಕೆ ಹರಿಸುವ 'ಕಾರ್-ಟಿ' ಚಿಕಿತ್ಸೆ ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ವರವಾಗಿದೆ. 2017ರಲ್ಲಿ ಅಮೆರಿಕೆಯು ಇದಕ್ಕೆ ಮೊದಲ ಅನುಮತಿ ನೀಡಿದಾಗ ಬೆಲೆ 4,75,000 ಡಾಲರು! ಮುಂಬಯಿಯ ಐ.ಐ.ಟಿ. ಹಾಗೂ ಟಾಟಾ ಸ್ಮಾರಕ ಕೇಂದ್ರದ ವಿಜ್ಞಾನಿಗಳ ಪರಿಶ್ರಮದಿಂದ ರೂಪುಗೊಂಡು 2023ರಲ್ಲಿ ಅನುಮತಿ ಪಡೆದ 'ನೆಕ್ಸ್‌ಕಾರ್19' ಸುಮಾರು ಅದರ ಹತ್ತನೆಯ ಒಂದು ಪಾಲಿಗೆ ದೊರೆಯುವಂತಾದುದು ಸ್ತುತ್ಯರ್ಹ. ಆದರೇನು? ಆ ಪಾಲೂ ಹಲವು ಲಕ್ಷ ರೂಪಾಯಿ; ಕೂಲಿಕಾರನಿಗೆ ಗಗನಕುಸುಮವೇ ಸರಿ. ತನ್ನ ರಕ್ತದಲ್ಲಿರುವ ಮದ್ದೇ ತನಗೆ ಎಟುಕದಿರುವುದು ಎಂತಹ ವಿಪರ್ಯಾಸ! ಬೆಲೆಯನ್ನು ಇಳಿಸಿದ್ದು ಯಾರ ಕರುಣೆಯೂ ಅಲ್ಲ, ಸ್ವದೇಶದ ವಿದ್ಯೆ. ಆದುದರಿಂದ ಆಸ್ಪತ್ರೆಯ ಕಟ್ಟಡಕ್ಕೆ ನೀಡುವ ದಾನದಷ್ಟೇ ಪ್ರಯೋಗಶಾಲೆಗೆ ನೀಡುವ ದಾನವೂ ಶ್ರೇಷ್ಠವೆಂದು ಸಮಾಜವು ಮನಗಾಣಬೇಕು.