‘ನಿಮ್ಮ ಸಹಿ ಇದ್ರ ಸಾಕು’ ಅಂದಿದ್ದಿರಿ, ಪ್ರಾಂಶುಪಾಲರೇ

ಮಾನ್ಯ ಪ್ರಾಂಶುಪಾಲರಿಗೆ,



ತಮ್ಮ ವಿದ್ಯಾರ್ಥಿನಿಯೊಬ್ಬಳ ಇಂಟರ್ನ್‌ಶಿಪ್ ಬಗ್ಗೆ ತಮ್ಮ ಕಚೇರಿಗೆ ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ. ಫೋನು ಮಾಡಿದರೆ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅನ್ನುತ್ತಾರೆ. ಖುದ್ದಾಗಿ ಬಂದರೆ ಗುಮಾಸ್ತರ ಟೇಬಲ್ಲಿನಿಂದ ಮುಂದಕ್ಕೆ ಬಿಡಲಿಲ್ಲ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ತಮ್ಮ ಮನೆಮಾತೂ ಕನ್ನಡವೇ, ನಾವು ಮಾತಾಡಿದ್ದೂ ಕನ್ನಡದಲ್ಲೇ, ಆದ್ದರಿಂದ ಪತ್ರವೂ ಕನ್ನಡದಲ್ಲಿದೆ. ಕಾಲೇಜಿನ ಹೆಸರನ್ನಾಗಲಿ ಹುಡುಗಿಯ ಹೆಸರನ್ನಾಗಲಿ ಬರೆಯುವುದಿಲ್ಲ. ಅವಳ ಪದವಿ ಇನ್ನೂ ತಮ್ಮ ಕೈಯಲ್ಲಿದೆ.

ನಡೆದದ್ದು ತೆಲಂಗಾಣದ ಗಡಿಯಲ್ಲಿರುವ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಿ.ಕಾಂ. ಹುಡುಗಿಗೆ ಇಂಟರ್ನ್‌ಶಿಪ್ ಆಗಬೇಕಿತ್ತು. ತಾಂಡಾದ ಮನೆ. ನೂರು ಕಿಲೋಮೀಟರ್‌ಗೂ ಆಚೆಯ ಹೈದರಾಬಾದಿಗೆ ಕಳಿಸಿ, ಹಾಸ್ಟೆಲ್ಲಿನಲ್ಲಿಟ್ಟು, ಪುಕ್ಕಟೆ ದುಡಿಸುವಷ್ಟು ಅನುಕೂಲ ಅವರಿಗಿಲ್ಲ. ಆಗ ತಾವೇ ನನಗೆ ಫೋನು ಮಾಡಿದಿರಿ. ನಮ್ಮದು ಸಿರ್ಗಾಪುರದ ಸಣ್ಣ ಲೆಕ್ಕಪತ್ರದ ಆಫೀಸು, ಇದು ನಡೆಯುತ್ತದೆಯೋ ಇಲ್ಲವೋ ಎಂದು ನಾನು ಕೇಳಿದೆ. “ಸಿರ್ಗಾಪುರದಾಗೇ ಕಲೀಲಿ ಬಿಡ್ರಿ. ನಿಮ್ಮ ಸಹಿ ಇದ್ರ ಸಾಕು, ಮುಂದಿಂದು ನಾ ನೋಡ್ಕೋತೀನಿ” ಅಂದಿರಿ.

ಆ ಮಾತಿನ ಮೇಲೆ ಅವಳನ್ನು ಸೇರಿಸಿಕೊಂಡೆ.

ಸಣ್ಣ ಲೆಕ್ಕಪತ್ರದ ಆಫೀಸಿನಲ್ಲಿ ವಿದ್ಯಾರ್ಥಿಯನ್ನು ಇಟ್ಟುಕೊಳ್ಳುವುದೆಂದರೆ ಇನ್ನೊಂದು ಕುರ್ಚಿ ಹಾಕಿ ಕೂರಿಸುವುದಲ್ಲ. ವ್ಯಾಪಾರಿಗಳು ನಮ್ಮನ್ನು ನಂಬಿ ಪಾಸ್‌ವರ್ಡ್ ಕೊಟ್ಟಿರುತ್ತಾರೆ, ಯಾರ ಹತ್ತಿರ ಎಷ್ಟು ಉದ್ರಿ ಇದೆ ಎಂಬುದು ನಮ್ಮ ಪುಸ್ತಕದಲ್ಲಿರುತ್ತದೆ. ಇಲ್ಲಿ ಕಂಡದ್ದನ್ನು ಮನೆಯಲ್ಲೂ ಆಡಬಾರದು ಎಂಬುದೇ ಮೊದಲ ಪಾಠ. ಆಮೇಲೆ ಕಿರ್ದಿ, ಖತಾವಣಿ, ಆಮೇಲೆ ಟ್ಯಾಲಿ. ಪ್ರತಿ ತಿಂಗಳು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ರಿಟರ್ನ್, 20ರೊಳಗೆ 3ಬಿ. ಆ ದಿನಗಳಲ್ಲಿ ಕಲಿಸುತ್ತ ಕೂತರೆ ನಮ್ಮ ಕೆಲಸ ರಾತ್ರಿಗೆ ಬೀಳುತ್ತದೆ. ಬಿದ್ದಿತು. ಅದರ ಬಗ್ಗೆ ನನ್ನ ದೂರಿಲ್ಲ, ಯಾಕೆಂದರೆ ಹುಡುಗಿ ಕಲಿತಳು.

ಹೇಗೆ ಕಲಿತಳು ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಇಲ್ಲಿನ ಕಿರಾಣಿ ಅಂಗಡಿಯೊಬ್ಬರು ಬೀದರಿನ ಗಂಜ್‌ನಿಂದ ಮಾಲು ತರಿಸುತ್ತಾರೆ. ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್ಲಿನ 2ಬಿ ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದ ಅವಳು ಒಂದು ಬಿಲ್ಲಿನ ಹತ್ತಿರ ನಿಂತಳು. ಗಡಿ ದಾಟಿ ಬಂದ ಮಾಲಿಗೆ ಐಜಿಎಸ್‌ಟಿ ಹಾಕಬೇಕಾದಲ್ಲಿ ಬೀದರಿನವರು ಸಿಜಿಎಸ್‌ಟಿ ಮತ್ತು ಕರ್ನಾಟಕದ ಎಸ್‌ಜಿಎಸ್‌ಟಿ ಹಾಕಿದ್ದರು. ಹಾಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ತೆಲಂಗಾಣದ ವ್ಯಾಪಾರಿಗೆ ಸಿಗುವುದಿಲ್ಲ. ನಾನು ಹೇಳುವ ಮೊದಲೇ ಬೀದರಿಗೆ ಫೋನು ಹಚ್ಚಿ, ಕನ್ನಡದಲ್ಲಿ ವಿವರಿಸಿ, ಬಿಲ್ಲು ತಿದ್ದಿಸಿದಳು. ಮನೆಯಲ್ಲಿ ಲಂಬಾಣಿ, ಕಾಲೇಜಿನಲ್ಲಿ ತೆಲುಗು, ಅಂಗಡಿಯವರ ಜೊತೆ ಕನ್ನಡ, ಮರಾಠಿ. ಹೊಲದಲ್ಲಿರುವ ವ್ಯಾಪಾರಿಗೆ ಮರಾಠಿಯಲ್ಲಿ ತಿಳಿಸಿ ಹೇಳಿ ಓಟಿಪಿ ತೆಗೆದುಕೊಳ್ಳುವುದು ಹೈದರಾಬಾದಿನ ಯಾವ ಕಂಪನಿಯಲ್ಲಿ ಕಲಿಸುತ್ತಾರೆ?

ಇಷ್ಟೆಲ್ಲ ಆದ ಮೇಲೆ ಅವಳು ದಿನಚರಿ ಪುಸ್ತಕವನ್ನೂ ನನ್ನ ಪ್ರಮಾಣಪತ್ರವನ್ನೂ ಹಿಡಿದು ನಿಮ್ಮಲ್ಲಿಗೆ ಬಂದಳು. ನಿಮ್ಮ ಸಿಬ್ಬಂದಿ ಅವನ್ನು ತೆರೆದೂ ನೋಡಲಿಲ್ಲ. “ಇದೇನು ಕಂಪನಿನಾ? ಅಂಗಡಿ ಇದು” ಎಂದು ವಾಪಸು ಕೊಟ್ಟರು. ಸಿಎ ಬೋರ್ಡ್ ಇಲ್ಲ, ಹೈದರಾಬಾದಿನ ವಿಳಾಸ ಇಲ್ಲ ಎಂಬುದು ಕಾರಣ. ಹುಡುಗಿ ನಿಮ್ಮ ಕೋಣೆಗೂ ಬಂದಳು. ನೀವು ತಲೆ ಎತ್ತದೆ, ಆಫೀಸಿನಲ್ಲಿ ಹೇಳಿದ ಹಾಗೆ ಮಾಡು ಅಂದಿರಿ.

ಅವಳು ಏನು ಮಾಡಿದಳು ಗೊತ್ತೇ? ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಒಂದು ಪ್ರಮಾಣಪತ್ರ ತರಿಸಿದಳು. ಒಂದು ದಿನವೂ ಕೆಲಸ ಮಾಡದ ಕಂಪನಿಯದು, ಬಣ್ಣದ ಲೋಗೋ ಇರುವಂಥದ್ದು. ಅದನ್ನು ನಿಮ್ಮ ಕಾಲೇಜು ಮರುಮಾತಿಲ್ಲದೆ ತೆಗೆದುಕೊಂಡಿತು. ಲೆಕ್ಕ ಸರಿ ಇರಬೇಕು, ಇಲ್ಲದ ಖರ್ಚು ಬರೆಯಬಾರದು ಎಂದು ನಾನು ದಿನವೂ ಹೇಳಿಕೊಟ್ಟ ಹುಡುಗಿಗೆ ಸುಳ್ಳು ಕಾಗದವೇ ನಡೆಯುತ್ತದೆ ಎಂದು ನೀವು ಕಲಿಸಿದಿರಿ. ನನಗೆ ಇದು ನನ್ನ ಅವಮಾನಕ್ಕಿಂತ ದೊಡ್ಡದು.

ಅವಮಾನವೂ ಸಣ್ಣದೇನಲ್ಲ. ನಾನು ಪರೀಕ್ಷೆ ಪಾಸು ಮಾಡಿದ ಜಿಎಸ್‌ಟಿ ಪ್ರಾಕ್ಟೀಷನರ್. ವ್ಯಾಪಾರಿಯ ಪರವಾಗಿ ರಿಟರ್ನ್ ಸಲ್ಲಿಸಲು ಸರ್ಕಾರ ನನ್ನನ್ನು ನಂಬುತ್ತದೆ. ಒಬ್ಬ ವಿದ್ಯಾರ್ಥಿನಿ ನನ್ನ ಆಫೀಸಿಗೆ ಬಂದು ಕೆಲಸ ಮಾಡಿದಳು ಎಂದು ಬರೆದುಕೊಟ್ಟರೆ ನೀವು ನಂಬುವುದಿಲ್ಲ. ನನ್ನ ಸಹಿ ಸಾಕು ಎಂದವರು ನೀವೇ ಅಲ್ಲವೇ? ನಾನು ಕೇಳಿಕೊಂಡು ಬಂದಿದ್ದೆನೇ?

ನಿಯಮ ಅನ್ನಬೇಡಿ. ಸುತ್ತಲಿನ ಹಳ್ಳಿ, ಪಟ್ಟಣಗಳ ಮಾರುಕಟ್ಟೆಯನ್ನು ಸಮೀಕ್ಷೆ ಮಾಡಿ ಇಂಟರ್ನ್‌ಶಿಪ್ ಅವಕಾಶ ಹುಡುಕಬೇಕು ಎಂದು ಯುಜಿಸಿ ಮಾರ್ಗಸೂಚಿಯೇ ಕಾಲೇಜುಗಳಿಗೆ ಹೇಳುತ್ತದೆ. ಒಂದು ಕ್ರೆಡಿಟ್ಟಿಗೆ 30 ಗಂಟೆ ಕೆಲಸ ಎಂಬ ಲೆಕ್ಕವೂ ಅಲ್ಲಿದೆ. ಅವಳ ಗಂಟೆಗಳು ದಿನಚರಿಯಲ್ಲಿವೆ, ಕೊಂಡ ಕಾಗದದಲ್ಲಿ ಇಲ್ಲ. ಇನ್ನು ಸುತ್ತಲಿನ ಮಾರುಕಟ್ಟೆಯನ್ನೇ ನೋಡಿ: ನಾರಾಯಣಖೇಡದ ಅಡತ್ ಅಂಗಡಿಗಳು, ಜಹೀರಾಬಾದಿನ ಕಬ್ಬು, ಶುಂಠಿ ವ್ಯಾಪಾರ, ತಾಂಡೂರಿನ ತೊಗರಿಬೇಳೆ ಮಿಲ್ಲುಗಳು, ಕಲ್ಲು ಪಾಲಿಶ್ ಮಾಡುವ ಘಟಕಗಳು, ಇವಕ್ಕೆಲ್ಲ ಲೆಕ್ಕ ಬರೆಯುವವರು ಬೇಡವೇ? ಅದೂ ಅಲ್ಲದೆ, ಸರಕು ಮಾರುವವರಿಗೆ ಗಡಿಯಾಚೆ ಬೀದರಿನಲ್ಲಿ ವಹಿವಾಟು 40 ಲಕ್ಷ ದಾಟಿದ ಮೇಲೆ ಜಿಎಸ್‌ಟಿ ನೋಂದಣಿ. ತೆಲಂಗಾಣದಲ್ಲಿ 20 ಲಕ್ಷಕ್ಕೇ. 2019ರಲ್ಲಿ ಹೆಚ್ಚಿನ ರಾಜ್ಯಗಳು ಮಿತಿ ಏರಿಸಿದಾಗ ನಮ್ಮ ರಾಜ್ಯ ಏರಿಸಲಿಲ್ಲ. ಹಾಗಾಗಿ ಬೀದರಿನಲ್ಲಾದರೆ ನಿಶ್ಚಿಂತೆಯಾಗಿರಬಹುದಾದಷ್ಟು ಸಣ್ಣ ಅಂಗಡಿಯವನೂ ಇಲ್ಲಿ ರಿಟರ್ನ್ ಹಾಕಬೇಕು. ನಮ್ಮ ಮಕ್ಕಳಿಗೆ ಕೆಲಸ ಇಲ್ಲೇ ಇದೆ, ಅದಕ್ಕೆ ಬೆಲೆ ಕೊಡುವವರಿಲ್ಲ.

ದಿಲ್ಲಿಯದೂ ಇದೇ ಕಥೆ. 2024ರಲ್ಲಿ ತಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ದೇಶದ 500 ದೊಡ್ಡ ಕಂಪನಿಗಳಿಗೆ. ಶುರುವಿನಲ್ಲಿ ತಿಂಗಳಿಗೆ 5,000 ರೂಪಾಯಿ ಇತ್ತು, ಅದರಲ್ಲಿ 4,500 ಸರ್ಕಾರದ್ದು. ಮಂಡಲ ಕೇಂದ್ರದ ಸಣ್ಣ ಆಫೀಸಿನಲ್ಲಿ ಕಲಿಯುವ ಹುಡುಗಿಗೆ ನಾನು ಕೈಲಾದಷ್ಟು ಕೊಟ್ಟೆ, ಸರ್ಕಾರದ್ದು ಒಂದು ಪೈಸೆಯೂ ಇಲ್ಲ. ಅವಳು ಬಂದುಹೋಗಿದ್ದು ಮಹಾಲಕ್ಷ್ಮಿ ಯೋಜನೆಯ ಉಚಿತ ಬಸ್ಸಿನಲ್ಲಿ, ಅದೊಂದು ಪುಣ್ಯ. ನಮ್ಮನ್ನು ಕಡೆಗಣಿಸುವುದು ಹೊಸದೇನಲ್ಲ. 1956ರಲ್ಲಿ ನಮ್ಮ ನಾರಾಯಣಖೇಡ ತಾಲ್ಲೂಕನ್ನು ಬೀದರ್ ಜಿಲ್ಲೆಯಿಂದ ಕಿತ್ತು ಮೆದಕ್‌ಗೆ ಹಾಕಿದರು, 2016ರಲ್ಲಿ ಸಂಗಾರೆಡ್ಡಿಗೆ. ಜಿಲ್ಲೆ ಯಾವುದಾದರೂ ನಾವು ಅಂಚಿನವರೇ. ದೂರದವರು ಹಾಗೆ ನೋಡಿದರೆ ಸಹಿಸಬಹುದು. ಇದೇ ನೆಲದ ನೀವು ಹಾಗೆ ನೋಡಿದಿರಿ.

ಹುಡುಗಿಯ ದಿನಚರಿ ತರಿಸಿ ನೋಡಿ. ಅನುಮಾನವಿದ್ದರೆ ನಿಮ್ಮ ಕಾಮರ್ಸ್ ಅಧ್ಯಾಪಕರ ಎದುರು ಅವಳನ್ನು ಕೂರಿಸಿ ಒಂದು ತಿಂಗಳ ಬಿಲ್ಲು ಕೊಟ್ಟು ರಿಟರ್ನ್ ತಯಾರಿಸಲು ಹೇಳಿ. ಆಮೇಲೆ ಆ ಕೊಂಡ ಕಾಗದವನ್ನು ತೆಗೆದು, ಅವಳು ನಿಜವಾಗಿ ಮಾಡಿದ ಕೆಲಸವನ್ನು ದಾಖಲೆಗೆ ಸೇರಿಸಿ. ದುಡ್ಡು ಕೊಟ್ಟು ಕಾಗದ ತಂದ ತಪ್ಪನ್ನು ಅವಳ ತಲೆಗೆ ಕಟ್ಟಬೇಡಿ, ಅವಳನ್ನು ಆ ದಾರಿಗೆ ಹಚ್ಚಿದವರು ನೀವು.

ಈ ಬೇಸಿಗೆಗೂ ಇಬ್ಬರು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂದು ನಿಮ್ಮ ಅಧ್ಯಾಪಕರು ಕೇಳಿದ್ದಾರೆ. ತೆಗೆದುಕೊಳ್ಳುತ್ತೇನೆ. ಆದರೆ ಮೊದಲು ಆ ಹುಡುಗಿಯ ಕೆಲಸ ಇತ್ಯರ್ಥವಾಗಲಿ. ನನ್ನ ಪ್ರಮಾಣಪತ್ರ ನಡೆಯುತ್ತದೆ ಎಂದು ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ ಬರೆದು, ಸಹಿ ಮಾಡಿ, ಸೀಲು ಹಾಕಿ ಕಳಿಸಿ. ಫೋನಿನಲ್ಲಿ ಹೇಳಿದರೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ.

ಇಂತಿ,
ಸಿರ್ಗಾಪುರದ ಒಬ್ಬ ಲೆಕ್ಕಪತ್ರಗಾರ